ತೂಕಕ್ಕೆ ಹಾಕಬಾರದ ಕಬ್ಬಿಣ

ಮಧುಗಿರಿಯ ಬೀದಿಗಳಿಗೆ ಬೆಳಗ್ಗೆ ತಿಂಡಿಯ ಹೊತ್ತು ಕಳೆಯುತ್ತಲೇ ಲಗೇಜ್ ಆಟೋ ಬರುತ್ತದೆ. ಡ್ರೈವರ್ ಬಾಯಿ ತೆರೆಯುವುದಿಲ್ಲ, ಸ್ಪೀಕರ್ ಕೂಗುತ್ತದೆ: ಹಳೇ ಕಬ್ಬಿಣ, ಹಳೇ ಪ್ಲಾಸ್ಟಿಕ್, ಸುಟ್ಟ ಮೋಟಾರು, ಕೆಟ್ಟ ಬ್ಯಾಟರಿ. ಶಿರಾದಲ್ಲೂ ಇದೇ ಕೂಗು, ಕೊರಟಗೆರೆಯಲ್ಲೂ ಇದೇ. ಪಾವಗಡಕ್ಕೆ ಹೋದರೆ ಒಮ್ಮೆ ಕನ್ನಡದಲ್ಲಿ, ಒಮ್ಮೆ ತೆಲುಗಿನಲ್ಲಿ.

ಮಳೆ ಕಮ್ಮಿ, ಬೋರು ಜಾಸ್ತಿ ಇರುವ ಸೀಮೆ ನಮ್ಮದು. ಸಾವಿರ ಅಡಿ ಕೊರೆಸಿ ನೀರು ಬಾರದೆ ಹೋದರೆ ಕೇಸಿಂಗ್ ಪೈಪಾದರೂ ಕೈಗೆ ಬರಲಿ ಎಂದು ಕಿತ್ತುಕೊಳ್ಳುತ್ತೇವೆ. ಸುಟ್ಟ ಮೋಟಾರಿನ ತಾಮ್ರದ ವೈಂಡಿಂಗ್‌ಗೆ ಒಂದು ಬೆಲೆ, ಪಂಪಿನ ಕಬ್ಬಿಣಕ್ಕೆ ಇನ್ನೊಂದು ಬೆಲೆ. ಬೇಸಾಯ ಕೈಕೊಟ್ಟ ವರ್ಷ ಮನೆ ನಡೆಸಲು ಗುಜರಿ ಆಯ್ದವರು ಈ ನಾಲ್ಕೂ ತಾಲ್ಲೂಕುಗಳಲ್ಲಿದ್ದಾರೆ. ಹೀಗೆ ಕೂಡಿದ ಲೋಹ ನಮ್ಮಲ್ಲೇ ಉಳಿಯುವುದಿಲ್ಲ. ಶಿರಾದ ಗುಜರಿ ಪುಣೆ–ಬೆಂಗಳೂರು ಹೆದ್ದಾರಿ ಹಿಡಿಯುತ್ತದೆ. ಮಧುಗಿರಿ, ಕೊರಟಗೆರೆಯದು ತುಮಕೂರಿಗೋ ಬೆಂಗಳೂರಿಗೋ ಹೊರಡುತ್ತದೆ. ಪಾವಗಡಕ್ಕೆ ಮೂರು ದಿಕ್ಕಿಗೂ ಆಂಧ್ರ, ಅಲ್ಲಿನ ಮಾಲು ಗಡಿ ದಾಟುವುದು ಹೊಸದಲ್ಲ. ಎಲ್ಲಿಗೇ ಹೋದರೂ ಕೊನೆಗೆ ಸೇರುವುದು ಕುಲುಮೆಯನ್ನೇ. ಅಲ್ಲಿ ಕರಗಿ ಕಂಬಿಯಾಗಿ ನಮ್ಮದೇ ಮನೆಯ ಪಿಲ್ಲರಿಗೆ ವಾಪಸು ಬರುತ್ತದೆ. ಇದು ಒಳ್ಳೆಯ ಕಸುಬು. ದೇಶದ ಉಕ್ಕಿನಲ್ಲಿ ಒಂದು ಪಾಲು ಹಳೆಯ ಕಬ್ಬಿಣದಿಂದಲೇ ಆಗುವಂಥದ್ದು, ಆ ಕೆಲಸಕ್ಕೆ ಮೊದಲ ಕೈ ಹಾಕುವವರು ಈ ಆಟೋದವರು.

ಆ ಆಟೋಗೆ ಯಾವತ್ತೂ ಹತ್ತಬಾರದ ಒಂದು ವಸ್ತುವಿದೆ. ಇವತ್ತಿನ ಮಾತು ಅದರದು: ವಿಕಿರಣ ಸೂಸುವ ಮೂಲ. ಹೆಚ್ಚಿನವು ಬೆರಳ ತುದಿಯಷ್ಟು, ಕೆಲವು ಪೆನ್ಸಿಲ್‌ನಷ್ಟು. ಸ್ಟೀಲಿನ ಪುಟ್ಟ ಕೊಳವೆಯೊಳಗೆ ಮುಚ್ಚಿಟ್ಟ ಕೋಬಾಲ್ಟ್, ಸೀಸಿಯಂ, ಇರಿಡಿಯಂ. ನೋಡಿದರೆ ಸಾಮಾನ್ಯ ಲೋಹ. ವಾಸನೆ ಇಲ್ಲ, ಸದ್ದಿಲ್ಲ. ಮುಟ್ಟಿದಾಗ ಆ ಕ್ಷಣಕ್ಕೆ ಏನೂ ಗೊತ್ತಾಗುವುದಿಲ್ಲ.

ಅಣುಸ್ಥಾವರ ಕೈಗಾದಲ್ಲಿದೆ, ನಮಗೂ ಇದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸ್ಥಾವರಗಳಿಗಿಂತ ಎಷ್ಟೋ ಪಾಲು ಹೆಚ್ಚು ಸಂಖ್ಯೆಯ ವಿಕಿರಣ ಮೂಲಗಳು ಆಸ್ಪತ್ರೆಗಳಲ್ಲಿ, ಕಾರ್ಖಾನೆಗಳಲ್ಲಿ, ರಸ್ತೆ ಕಾಮಗಾರಿಗಳಲ್ಲಿ ದಿನವೂ ಕೆಲಸ ಮಾಡುತ್ತಿವೆ. ಹೆದ್ದಾರಿ ಹಾಕುವಾಗ ಮಣ್ಣು, ಟಾರು ಸರಿಯಾಗಿ ಅಮುಕಿದೆಯೇ ಎಂದು ಅಳೆಯಲು ಒಂದು ಬಗೆಯ ಪೆಟ್ಟಿಗೆ ಬಳಸುತ್ತಾರೆ, ಅದರಲ್ಲಿ ಸೀಸಿಯಂ-137 ಮತ್ತು ಅಮೆರಿಸಿಯಂ-241 ಇರುತ್ತವೆ. ಸಿಮೆಂಟ್, ಉಕ್ಕು, ಕಾಗದದ ಕಾರ್ಖಾನೆಗಳಲ್ಲಿ ತೊಟ್ಟಿಯೊಳಗಿನ ಮಟ್ಟ, ಹಾಳೆಯ ದಪ್ಪ ಅಳೆಯಲು ಇಂಥದೇ ಅಳತೆ ಯಂತ್ರಗಳಿವೆ. ದಾಭೋಳದಿಂದ ಬೆಂಗಳೂರಿಗೆ ಬಂದ ಅನಿಲದ ಕೊಳವೆ ಮಾರ್ಗ ನಮ್ಮ ತುಮಕೂರು ಜಿಲ್ಲೆಯನ್ನು ಹಾದು ಹೋಗಿದೆ. ಅಂಥ ಕೊಳವೆಗಳನ್ನು ಬೆಸೆದ ಮೇಲೆ ಒಳಗೆ ಬಿರುಕಿದೆಯೇ ಎಂದು ನೋಡಲು ಎಕ್ಸ್-ರೇ ಅಥವಾ ಇರಿಡಿಯಂ-192 ಇರುವ ಗಾಮಾ ಕ್ಯಾಮೆರಾ ಬೇಕು. ಕ್ಯಾನ್ಸರ್ ಆಸ್ಪತ್ರೆಯ ಕೋಬಾಲ್ಟ್ ಯಂತ್ರ ಎಷ್ಟು ಜೀವ ಉಳಿಸಿದೆ ಎಂಬುದನ್ನು ಬೆಂಗಳೂರಿನ ಕಿದ್ವಾಯಿಗೆ ಹೋಗಿಬಂದ ಕುಟುಂಬಗಳಿಗೆ ನಾನು ಹೇಳಬೇಕಾಗಿಲ್ಲ. ಮಾಲೂರಿನಲ್ಲಿ ಮಾವಿನಹಣ್ಣಿಗೆ ಗಾಮಾ ಕಿರಣ ಹಾಯಿಸಿ ಹೊರದೇಶಕ್ಕೆ ಕಳಿಸುವ ಘಟಕವಿದೆ.

ಹಾಗಾಗಿ ವಿಕಿರಣ ಎಂದ ಕೂಡಲೇ ಬೆಚ್ಚಿಬೀಳುವುದು ಬೇಡ. ಹಿಂದೆ ನಮ್ಮ ಹಳ್ಳಿಗಳಲ್ಲಿ ರಾತ್ರಿಯ ನಾಟಕಕ್ಕೆ ಪೆಟ್ರೋಮ್ಯಾಕ್ಸ್ ಹಚ್ಚುತ್ತಿದ್ದರಲ್ಲ, ಅದರ ಮ್ಯಾಂಟಲ್‌ನಲ್ಲಿ ಥೋರಿಯಂ ಇತ್ತು. ಅದೂ ವಿಕಿರಣಶೀಲವೇ, ಆದರೆ ಅತಿ ಅಲ್ಪ. ಅದರ ಬೆಳಕಲ್ಲಿ ಬೆಳಗಿನವರೆಗೆ ಕುರುಕ್ಷೇತ್ರ ನೋಡಿದ ಯಾರಿಗೂ ಏನೂ ಆಗಲಿಲ್ಲ. ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡುತ್ತೇನೆ. ತಾಲ್ಲೂಕು ಆಸ್ಪತ್ರೆಯ ಎಕ್ಸ್-ರೇ ಯಂತ್ರದೊಳಗೆ ವಿಕಿರಣದ ತುಂಡು ಯಾವುದೂ ಇರುವುದಿಲ್ಲ. ಕರೆಂಟು ಹರಿದಾಗ ಮಾತ್ರ ಅದು ಕಿರಣ ಸೂಸುತ್ತದೆ, ಪ್ಲಗ್ ತೆಗೆದರೆ ಅದು ಬರೀ ಕಬ್ಬಿಣ, ಗಾಜು, ಎಣ್ಣೆ. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿರುವ ಸೋಲಾರ್ ಫಲಕಗಳಲ್ಲೂ ವಿಕಿರಣ ಇಲ್ಲ. ಅವು ಗುಜರಿಯಾದ ದಿನ ಬೇರೆ ತಲೆನೋವು ತರಬಹುದು, ಇದನ್ನಲ್ಲ.

ಅಪಾಯ ಇರುವುದು ಕೋಬಾಲ್ಟ್, ಸೀಸಿಯಂ, ಇರಿಡಿಯಂ ಮೂಲಗಳು ತಮ್ಮ ಸೀಸದ ಗೂಡಿನಿಂದ ಹೊರಬಿದ್ದಾಗ. ನಮ್ಮ ದೇಶದಲ್ಲಿ ಹಾಗೆ ಆದದ್ದು ದೆಹಲಿಯ ಮಾಯಾಪುರಿಯಲ್ಲಿ, 2010ರಲ್ಲಿ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗಕ್ಕೆ 1960ರ ದಶಕದ ಕೊನೆಯ ಹೊತ್ತಿಗೆ ಕೆನಡಾದಿಂದ ಒಂದು ಯಂತ್ರ ಬಂತು. ಗಾಮಾಸೆಲ್ 220 ಎಂದು ಅದರ ಹೆಸರು. ಟನ್‌ಗಟ್ಟಲೆ ತೂಕದ ಸೀಸದ ಪೆಟ್ಟಿಗೆ, ನಡುವೆ ಕೋಬಾಲ್ಟ್-60 ತುಂಬಿದ ಪೆನ್ಸಿಲ್ ಗಾತ್ರದ ಸ್ಟೀಲ್ ಕೊಳವೆಗಳು. ಅದರ ಮೇಲೆ ಸಂಶೋಧನೆ ನಡೆಸುತ್ತಿದ್ದ ಪ್ರಾಧ್ಯಾಪಕರು ನಿವೃತ್ತರಾದರು. 1985ರಿಂದ ಈಚೆಗೆ ಯಂತ್ರವನ್ನು ಯಾರೂ ಮುಟ್ಟಲಿಲ್ಲ. ಕೋಣೆಯ ಬೀಗ ಹಾಗೇ ಇತ್ತು. ಇಪ್ಪತ್ತೈದು ವರ್ಷದಲ್ಲಿ ಅದೇನೆಂದು ತಿಳಿದಿದ್ದವರು ಒಬ್ಬೊಬ್ಬರಾಗಿ ಹೋದರು. ಉಳಿದವರಿಗೆ ಅದು ಜಾಗ ತಿನ್ನುವ ಹಳೆಯ ಯಂತ್ರ. 2010ರ ಫೆಬ್ರುವರಿಯಲ್ಲಿ ಬೇರೆ ಹಳೆಯ ಸಾಮಾನಿನ ಜೊತೆ ಅದನ್ನೂ ಹರಾಜು ಹಾಕಿದರು. ಹರಾಜಿನಲ್ಲಿ ಕೊಂಡ ಗುಜರಿ ವ್ಯಾಪಾರಿಯ ಮೂಲಕ ಅದು ಮಾಯಾಪುರಿ ಸೇರಿತು. ಮಾಯಾಪುರಿ ಎಂದರೆ ದೇಶದ ಅತಿ ದೊಡ್ಡ ಗುಜರಿ ಪೇಟೆಗಳಲ್ಲಿ ಒಂದು.

ಅಲ್ಲಿನ ಕೆಲಸಗಾರರು ತಮ್ಮ ಕೆಲಸ ಮಾಡಿದರು. ಸೀಸ ಬೇರೆ, ಸ್ಟೀಲು ಬೇರೆ ಮಾಡಿದರು. ಒಳಗಿದ್ದ ಕೊಳವೆಗಳು ಹೊರಬಂದವು, ಒಂದನ್ನು ಕತ್ತರಿಸಿದರು. ಹೊಳೆಯುವ ಒಂದು ಚೂರು ಪಕ್ಕದ ಅಂಗಡಿಯವರ ಪರ್ಸಿನೊಳಗೆ ಸೇರಿತು. ದಿನ ಕಳೆದಂತೆ ಒಬ್ಬೊಬ್ಬರಿಗೆ ವಾಂತಿ, ಭೇದಿ, ಸುಸ್ತು. ಕೂದಲು ಉದುರಿತು, ಚರ್ಮ ಕಪ್ಪಾಯಿತು. ಬೆಂಕಿ ತಾಗದೆ ಸುಟ್ಟ ಗಾಯ ಎದ್ದಿತು. ಏಪ್ರಿಲ್ ಮೊದಲ ವಾರದಲ್ಲಿ ಖಾಸಗಿ ಆಸ್ಪತ್ರೆಯೊಂದರ ವೈದ್ಯರಿಗೆ ಅನುಮಾನ ಬಂದು, ಸುದ್ದಿ ಮುಂಬೈಯ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ಮುಟ್ಟಿತು. ಮಂಡಳಿಯವರು, ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ಮೀಟರ್ ಹಿಡಿದು ಅಂಗಡಿ ಅಂಗಡಿ ಹುಡುಕಿದರು. ಸಿಕ್ಕ ಮೂಲಗಳನ್ನೆಲ್ಲ ಸೀಸದ ಪೆಟ್ಟಿಗೆಗೆ ಹಾಕಿ ನರೋರಾ ಅಣುಸ್ಥಾವರಕ್ಕೆ ಸಾಗಿಸಿದರು. ಏಪ್ರಿಲ್ 26ರಂದು ಒಬ್ಬ ಕೆಲಸಗಾರ ತೀರಿಕೊಂಡ. ಅಂತರರಾಷ್ಟ್ರೀಯ ಮಾಪಕದಲ್ಲಿ ಇದು ನಾಲ್ಕನೆಯ ಹಂತದ ಅಪಘಾತವೆಂದು ದಾಖಲಾಯಿತು.

ಇಲ್ಲೊಂದು ಲೆಕ್ಕ ನೋಡಿ. ಕೋಬಾಲ್ಟ್-60ರ ಶಕ್ತಿ ಐದೂಕಾಲು ವರ್ಷಕ್ಕೊಮ್ಮೆ ಅರ್ಧವಾಗುತ್ತದೆ. ನಲವತ್ತು ವರ್ಷ ಎಂದರೆ ಏಳೆಂಟು ಸಲ ಅರ್ಧವಾದಂತೆ. ಕೆನಡಾದಿಂದ ಬಂದಾಗ ಇದ್ದ ಶಕ್ತಿಯಲ್ಲಿ ಹೆಚ್ಚೂಕಮ್ಮಿ ಇನ್ನೂರರಲ್ಲಿ ಒಂದು ಪಾಲು ಮಾತ್ರ ಉಳಿದಿತ್ತು. ಆ ಉಳಿದ ಪಾಲೇ ಒಂದು ಜೀವ ತೆಗೆದುಕೊಂಡಿತು. ‘ಬಹಳ ಹಳೆಯದು, ಇನ್ನೇನು ಇರುತ್ತೆ ಅದರಲ್ಲಿ’ ಎಂಬ ಮಾತನ್ನು ಈ ವಿಷಯದಲ್ಲಿ ಆಡಬಾರದು.

ಆ ಯಂತ್ರವನ್ನು ಯಾರೂ ಕದ್ದಿರಲಿಲ್ಲ ಎಂಬುದನ್ನು ಗಮನಿಸಿ. ಪೊಲೀಸರ ಕಣ್ಣಿಗೆ ಮಣ್ಣೆರಚಿ ಸಾಗಿಸಿದ ಮಾಲಲ್ಲ ಅದು. ಸಮಿತಿ ಕೂತು, ಸಹಿ ಹಾಕಿ, ದುಡ್ಡು ಕಟ್ಟಿಸಿಕೊಂಡು ಹೊರಗೆ ಕಳಿಸಿದ್ದು. ಓದಿದವರು ಮರೆತರು, ಓದದವನು ಸತ್ತ. ಇಷ್ಟು ಕಟುವಾಗಿ ಹೇಳುವುದು ನನಗೂ ಹಿತವಲ್ಲ, ಆದರೆ ನಡೆದದ್ದು ಇಷ್ಟೇ.

ಬೇರೆ ದೇಶಗಳಲ್ಲೂ ಇದೇ ಆಗಿದೆ. ಬ್ರೆಜಿಲ್‌ನ ಗೋಯಾನಿಯಾ ಊರಿನಲ್ಲಿ ಕ್ಯಾನ್ಸರ್ ಚಿಕಿತ್ಸಾಲಯವೊಂದು ಜಾಗ ಬದಲಿಸಿತು, ಹಳೆಯ ಕಟ್ಟಡದಲ್ಲಿ ಸೀಸಿಯಂ ಯಂತ್ರ ಉಳಿಯಿತು. 1987ರ ಸೆಪ್ಟೆಂಬರ್‌ನಲ್ಲಿ ಇಬ್ಬರು ಅದನ್ನು ಬಿಚ್ಚಿ ಗುಜರಿಗೆ ಮಾರಿದರು. ಒಳಗಿದ್ದ ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೆಯಿತು. ಗುಜರಿಯವನು ಬೆರಗಾಗಿ ನೆಂಟರಿಗೆ, ಅಕ್ಕಪಕ್ಕದವರಿಗೆ ಚಿಟಿಕೆ ಚಿಟಿಕೆ ಹಂಚಿದ. ಆರು ವರ್ಷದ ಮಗುವೊಂದು ಆ ಪುಡಿಯಲ್ಲಿ ಆಡಿ, ಅದೇ ಕೈಯಲ್ಲಿ ಊಟ ಮಾಡಿತು. ಕಾಯಿಲೆ ಬಿದ್ದವರೆಲ್ಲರಿಗೂ ಆ ಪುಡಿಯ ಸಂಪರ್ಕವಿದೆ ಎಂದು ಮೊದಲು ಹೊಳೆದದ್ದು ವೈದ್ಯರಿಗಲ್ಲ, ಗುಜರಿಯವನ ಹೆಂಡತಿಗೆ. ಆಕೆ ಆ ಲೋಹವನ್ನು ಚೀಲಕ್ಕೆ ತುಂಬಿಸಿ, ಬಸ್ಸಿನಲ್ಲಿ ಕೊಂಡೊಯ್ದು ಆರೋಗ್ಯ ಕಚೇರಿಗೆ ಮುಟ್ಟಿಸಿದಳು. ಊರು ಉಳಿದದ್ದು ಆಕೆಯ ಬುದ್ಧಿಯಿಂದ. ಆಕೆ ಉಳಿಯಲಿಲ್ಲ. ಆ ಮಗುವೂ ಸೇರಿ ನಾಲ್ವರು ಸತ್ತರು. ಒಂದು ಲಕ್ಷ ಹನ್ನೆರಡು ಸಾವಿರಕ್ಕೂ ಹೆಚ್ಚು ಜನರನ್ನು ಕ್ರೀಡಾಂಗಣದಲ್ಲಿ ನಿಲ್ಲಿಸಿ ಪರೀಕ್ಷೆ ಮಾಡಬೇಕಾಯಿತು.

ಈ ಎರಡೂ ಕಡೆ ಗುಜರಿಯವರನ್ನು ಸೆಳೆದದ್ದು ಸೀಸದ ಮತ್ತು ಸ್ಟೀಲಿನ ತೂಕ. ನನಗೆ ಅತಿ ಕ್ರೂರ ಎನಿಸುವುದು ಇದೇ. ವಿಕಿರಣವನ್ನು ತಡೆಯಲು ಭಾರದ ಲೋಹ ಬೇಕು, ಸೀಸ, ಟಂಗ್‌ಸ್ಟನ್. ಗುಜರಿ ಪೇಟೆಯಲ್ಲಿ ಬೆಲೆ ಬಾಳುವುದೂ ಅವೇ. ಜನರನ್ನು ಕಾಯಲೆಂದು ಇಟ್ಟ ಕವಚವೇ ಆಸೆ ಹುಟ್ಟಿಸಿ ಬಿಚ್ಚಿಸುತ್ತದೆ. ಕಬ್ಬಿಣದ ವ್ಯಾಪಾರದಲ್ಲಿ ನುರಿತವನು ಗಾತ್ರ ಚಿಕ್ಕದು, ತೂಕ ಜಾಸ್ತಿ ಎಂದು ಕಂಡರೆ ಒಳಗೆ ಸೀಸವಿದೆ ಎಂದು ಕೂಡಲೇ ಹೇಳುತ್ತಾನೆ. ಆ ಅನುಭವವನ್ನೇ ಇನ್ನು ಮುಂದೆ ಎಚ್ಚರಿಕೆಗೂ ಬಳಸಿಕೊಳ್ಳಬೇಕು.

ಯಾರಿಗೂ ಗೊತ್ತಾಗದೆ ಮೂಲ ಕುಲುಮೆಗೆ ಹೋದರೆ? ಆಗ ಒಂದು ಅಂಗಡಿಯ ಸಂಕಟ ಒಂದು ರಾಜ್ಯದ್ದಾಗುತ್ತದೆ. ಮೆಕ್ಸಿಕೋದ ಹ್ವಾರೆಸ್ ಊರಿನಲ್ಲಿ ಆಸ್ಪತ್ರೆಯ ಗೋದಾಮಿನಲ್ಲಿ ಬಿದ್ದಿದ್ದ ಕೋಬಾಲ್ಟ್ ಯಂತ್ರ 1983ರ ಕೊನೆಗೆ ಗುಜರಿಗೆ ಹೋಯಿತು. ಅದರೊಳಗೆ ಒಂದು ಮಿಲಿಮೀಟರ್ ಗಾತ್ರದ ಸುಮಾರು 6,000 ಗುಂಡುಗಳಿದ್ದವು. ಅವು ಕರಗಿ ಕಟ್ಟಡದ ಕಂಬಿಗಳಾದವು, ಮೇಜಿನ ಕಾಲುಗಳಾದವು. ಯಾರಿಗೂ ಗೊತ್ತಾಗಲಿಲ್ಲ. 1984ರ ಜನವರಿಯಲ್ಲಿ ಕಂಬಿ ತುಂಬಿದ ಲಾರಿಯೊಂದು ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ಗೇಟಿನ ಬಳಿ ಅಕಸ್ಮಾತ್ತಾಗಿ ಹಾದುಹೋದಾಗ ಅಲ್ಲಿನ ಗಂಟೆ ಹೊಡೆದುಕೊಂಡಿತು. ಆ ಕಂಬಿ ಹಾಕಿ ಕಟ್ಟಿದ ನೂರಕ್ಕೂ ಹೆಚ್ಚು ಮನೆಗಳನ್ನು ಕೆಡವಿದರು. ನಮ್ಮ ದೇಶದ ಉಕ್ಕಿಗೂ ಈ ಕಳಂಕ ಹತ್ತಿದೆ. 2008ರಲ್ಲಿ ಫ್ರಾನ್ಸಿನಲ್ಲಿ ಲಿಫ್ಟ್ ಗುಂಡಿಗಳಲ್ಲಿ ಕೋಬಾಲ್ಟ್-60 ಪತ್ತೆಯಾಯಿತು, ಆ ಲೋಹ ಹೋದದ್ದು ಭಾರತದಿಂದ. ಮೊನ್ನೆ ಮೊನ್ನೆ, 2025ರಲ್ಲಿ, ಇಂಡೋನೇಷ್ಯಾದಿಂದ ಅಮೆರಿಕಕ್ಕೆ ಹೋದ ಸಿಗಡಿ ಮೀನಿನಲ್ಲಿ ಸೀಸಿಯಂ-137 ಕಂಡಿತು. ಹುಡುಕುತ್ತ ಹೋದವರು ತಲುಪಿದ್ದು ಗುಜರಿ ಕರಗಿಸುವ ಕಾರ್ಖಾನೆಗೆ.

ಹಾಗಾದರೆ ನಮ್ಮಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲವೇ? ಇದ್ದಾರೆ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಅಂದರೆ ಎಇಆರ್‌ಬಿ, 1983ರ ನವೆಂಬರ್ 15ರಂದು ಹುಟ್ಟಿದ್ದು. ವಿಕಿರಣ ಮೂಲವನ್ನು ಕೊಳ್ಳಲು, ಇಟ್ಟುಕೊಳ್ಳಲು, ಸಾಗಿಸಲು, ಕೊನೆಗೆ ವಿಲೇವಾರಿ ಮಾಡಲು ಅದರ ಒಪ್ಪಿಗೆ ಬೇಕು. 2004ರ ವಿಕಿರಣ ರಕ್ಷಣಾ ನಿಯಮಗಳು ಇದನ್ನು ಬಿಡಿಸಿ ಹೇಳುತ್ತವೆ. ಅಪಾಯಕಾರಿ ಮೂಲ ಇಟ್ಟುಕೊಂಡ ಸಂಸ್ಥೆಗೆ ತರಬೇತಿ ಪಡೆದ ವಿಕಿರಣ ಸುರಕ್ಷಾ ಅಧಿಕಾರಿ ಇರಲೇಬೇಕು. ಬಳಕೆ ಮುಗಿದ ಮೂಲವನ್ನು ಕೊಟ್ಟವರಿಗೇ ಹಿಂತಿರುಗಿಸಬೇಕು, ಇಲ್ಲವೇ ಟ್ರಾಂಬೆ ಅಥವಾ ಕಲ್ಪಾಕ್ಕಂನಂಥ ಕಡೆ ಇರುವ ತ್ಯಾಜ್ಯ ಘಟಕಕ್ಕೆ ಒಪ್ಪಿಸಬೇಕು. ಪರವಾನಗಿಯ ಅರ್ಜಿ, ಮೂಲಗಳ ಲೆಕ್ಕ ಎಲ್ಲವೂ ಈಗ ಇ-ಲೋರಾ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿವೆ. ಹೊರದೇಶದಿಂದ ಬರುವ ಗುಜರಿಗೆ ಬೇರೆ ಕಾವಲು: ತುಂಡರಿಸದ ಲೋಹದ ಗುಜರಿ ಅಲ್ಲಿಂದ ಹೊರಡುವ ಮುಂಚೆಯೇ ಅದರಲ್ಲಿ ಸ್ಫೋಟಕ, ವಿಕಿರಣ ಇಲ್ಲವೆಂಬ ತಪಾಸಣಾ ಪ್ರಮಾಣಪತ್ರ ಪಡೆಯಬೇಕೆಂಬ ನಿಯಮ ಬಂತು. ಬಂದರುಗಳಲ್ಲಿ ಕಂಟೇನರ್‌ಗಳನ್ನು ಪರೀಕ್ಷಿಸುವ ವಿಕಿರಣ ಪತ್ತೆ ದ್ವಾರಗಳನ್ನು ನಿಲ್ಲಿಸುತ್ತ ಬಂದಿದ್ದಾರೆ. ದೊಡ್ಡ ಉಕ್ಕು ಕಾರ್ಖಾನೆಗಳು ತಮ್ಮ ಗೇಟಿನಲ್ಲೇ ಅಂಥ ಯಂತ್ರ ಇಟ್ಟುಕೊಳ್ಳುತ್ತವೆ.

ಕಾಗದದ ಮೇಲೆ ಇದು ಒಳ್ಳೆಯ ಏರ್ಪಾಡು. ಆದರೆ 2012ರಲ್ಲಿ ಸಿಎಜಿ, ಅಂದರೆ ಭಾರತದ ಮಹಾಲೇಖಪಾಲರು, ಈ ಮಂಡಳಿಯ ಕೆಲಸವನ್ನು ಪರಿಶೀಲಿಸಿ ಕೊಟ್ಟ ವರದಿ ಓದಿದರೆ ನಿದ್ದೆ ಬರುವುದಿಲ್ಲ. ದೇಶದಲ್ಲಿರುವ ಎಲ್ಲ ವಿಕಿರಣ ಮೂಲಗಳ ಪೂರ್ಣ ಪಟ್ಟಿ ಮಂಡಳಿಯ ಬಳಿ ಇರಲಿಲ್ಲ. ವೈದ್ಯಕೀಯ ಎಕ್ಸ್-ರೇ ಘಟಕಗಳಲ್ಲಿ ಶೇಕಡಾ 91ರಷ್ಟು ನೋಂದಣಿಯಾಗಿರಲಿಲ್ಲ. ಮಾಯಾಪುರಿ ನಡೆದು ಎರಡು ವರ್ಷವಾದ ಮೇಲಿನ ಮಾತು ಇದು. ಆಮೇಲೆ ಪರಿಸ್ಥಿತಿ ಸುಧಾರಿಸಿದೆ, ಆನ್‌ಲೈನ್ ನೋಂದಣಿಯೇ ಅದಕ್ಕೆ ಸಾಕ್ಷಿ. ಹೊಸದಾಗಿ ಕೊಳ್ಳುವ ಮೂಲ ಇವತ್ತು ಲೆಕ್ಕ ತಪ್ಪಿಸಿಕೊಳ್ಳುವುದು ಕಷ್ಟ. ನನ್ನ ಚಿಂತೆ ಇರುವುದು ಲೆಕ್ಕದ ಪದ್ಧತಿ ಬರುವ ಮುಂಚೆ ಬಂದು, ಮೂಲೆಯಲ್ಲಿ ಕೂತು, ಹೆಸರು ಕಳೆದುಕೊಂಡವುಗಳ ಬಗ್ಗೆ. ಮೂಲ ಹುಟ್ಟುವಾಗ ನಮ್ಮ ನಿಯಂತ್ರಣ ಬಿಗಿ, ಅದಕ್ಕೆ ವಯಸ್ಸಾದಾಗ ಸಡಿಲ.

ಮರೆವು ಹೇಗೆ ಹುಟ್ಟುತ್ತದೆ ಎಂಬುದು ಸರ್ಕಾರಿ ಕಚೇರಿಯಲ್ಲಿ, ಕಾಲೇಜಿನಲ್ಲಿ ದುಡಿದವರಿಗೆ ಗೊತ್ತು. ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಮುರಿದ ಕುರ್ಚಿಗೂ ನಂಬರು ಇರುತ್ತದೆ. ಯಂತ್ರದ ಹೆಸರಿನ ಮುಂದೆ ಮಾತ್ರ ‘ಹಳೆಯ ಉಪಕರಣ – 1’ ಎಂದಿರುತ್ತದೆ. ವರ್ಗವಾಗಿ ಹೋಗುವವರು ಚಾರ್ಜ್ ಕೊಡುತ್ತಾರೆ, ಬರುವವರು ಸಹಿ ಹಾಕುತ್ತಾರೆ, ಇಬ್ಬರೂ ಆ ಕೋಣೆಯ ಬಾಗಿಲು ತೆಗೆದಿರುವುದಿಲ್ಲ. ಆಡಿಟ್‌ನವರು ಜಾಗ ಖಾಲಿ ಮಾಡಿ ಎನ್ನುತ್ತಾರೆ. ಕಂಡಮ್ ಮಾಡಲು ಕಮಿಟಿ ಆಗುತ್ತದೆ. ಕಮಿಟಿಯಲ್ಲಿ ಲೆಕ್ಕ ಗೊತ್ತಿದ್ದವರು ಇರುತ್ತಾರೆ, ಯಂತ್ರ ಗೊತ್ತಿದ್ದವರು ಇರುವುದಿಲ್ಲ. ಮಾಯಾಪುರಿಯ ನಂತರ ವಿಶ್ವವಿದ್ಯಾಲಯ ಧನಸಹಾಯ ಆಯೋಗ ಎಲ್ಲ ವಿಶ್ವವಿದ್ಯಾಲಯಗಳಿಗೂ ತಮ್ಮಲ್ಲಿರುವ ವಿಕಿರಣ ವಸ್ತುಗಳ ಪಟ್ಟಿ ಮಾಡಿ ಎಂದು ಬರೆಯಿತು. ಒಳ್ಳೆಯದೇ. ಆದರೆ ಪಟ್ಟಿ ಮಾಡುವವರಿಗೆ ಆ ವಸ್ತು ಯಾವುದೆಂದು ಗುರುತಿಸಲು ಬಂದರೆ ತಾನೆ?

ಈಗ ನಮ್ಮ ನಾಲ್ಕು ತಾಲ್ಲೂಕುಗಳ ಮಾತಿಗೆ ಬರೋಣ. ಪ್ರಾಮಾಣಿಕವಾಗಿ ಹೇಳಬೇಕೆಂದರೆ, ನಮ್ಮ ಹಳ್ಳಿಗಳಲ್ಲೇ ಹುಟ್ಟುವ ಗುಜರಿಯಲ್ಲಿ ಇಂಥದ್ದು ಸಿಗುವ ಸಂಭವ ತೀರಾ ಕಡಿಮೆ. ನೇಗಿಲ ಗುಳ, ಗಾಡಿಯ ಪಟ್ಟಿ, ಪಂಪು, ತಗಡು, ಇವಕ್ಕೆ ಭಯಪಡಬೇಡಿ. ಎಚ್ಚರ ಬೇಕಾದದ್ದು ಮೂರು ಕಡೆಯ ಮಾಲಿಗೆ: ಹರಾಜಿನಲ್ಲಿ ಒಟ್ಟಿಗೆ ಕೊಂಡ ಕಾರ್ಖಾನೆ, ಆಸ್ಪತ್ರೆ, ಪ್ರಯೋಗಾಲಯದ ಯಂತ್ರಗಳು; ಮುಚ್ಚಿದ ಕಾರ್ಖಾನೆ ಒಡೆದಾಗ ಬಂದ ಸಾಮಾನು; ಮತ್ತು ಹೆದ್ದಾರಿ, ಕೊಳವೆ ಕಾಮಗಾರಿಯ ಜಾಗದಲ್ಲಿ ಬಿದ್ದು ಸಿಕ್ಕದ್ದು. ಮೂರನೆಯದರ ಬಗ್ಗೆ ಒಂದು ಉದಾಹರಣೆ ಇದೆ. 1984ರಲ್ಲಿ ಮೊರಾಕ್ಕೊದ ಮೊಹಮ್ಮದಿಯಾದಲ್ಲಿ ಕಾಮಗಾರಿ ಜಾಗದಲ್ಲಿ ಗಾಮಾ ಕ್ಯಾಮೆರಾದಿಂದ ಕಳಚಿ ಬಿದ್ದಿದ್ದ ಇರಿಡಿಯಂ ಮೂಲವನ್ನು ಕೆಲಸಗಾರನೊಬ್ಬ ಮನೆಗೆ ಒಯ್ದ. ಏನೋ ಚೆನ್ನಾಗಿದೆ ಎಂದು ಇಟ್ಟುಕೊಂಡದ್ದು ಅಷ್ಟೇ. ಎಂಟು ಜನ ಸತ್ತರು.

ಇದಕ್ಕೆ ತದ್ವಿರುದ್ಧವಾದ ಒಂದು ಘಟನೆಯನ್ನೂ ಹೇಳುತ್ತೇನೆ. 2023ರ ಜನವರಿಯಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಗಣಿಯ ಅಳತೆ ಯಂತ್ರದ ಸೀಸಿಯಂ ಗುಂಡೊಂದು ಲಾರಿಯಿಂದ ಉದುರಿತು. ಉದ್ದ 8 ಮಿಲಿಮೀಟರ್, ಅಗಲ 6. ದಾರಿ 1,400 ಕಿಲೋಮೀಟರ್. ಕಳೆದಿದೆ ಎಂದು ಗೊತ್ತಾದ ಎರಡು ದಿನದಲ್ಲಿ ಸರ್ಕಾರ ಅದನ್ನು ಮುಚ್ಚಿಡದೆ ಜನರಿಗೆ ಚಿತ್ರ ಸಮೇತ ತಿಳಿಸಿತು. ಪತ್ತೆ ಯಂತ್ರ ಕಟ್ಟಿದ ವಾಹನ ಆ ದಾರಿಯಲ್ಲಿ ಹುಡುಕುತ್ತ ಹೋಯಿತು. ಫೆಬ್ರುವರಿ 1ರಂದು ರಸ್ತೆಯ ಅಂಚಿನಿಂದ ಎರಡು ಮೀಟರ್ ದೂರದಲ್ಲಿ ಅದು ಸಿಕ್ಕಿತು. ಯಾರಿಗೂ ಏನೂ ಆಗಲಿಲ್ಲ. ಲೆಕ್ಕ ಇದ್ದದ್ದರಿಂದ ಕಳೆದದ್ದು ಗೊತ್ತಾಯಿತು, ಬಾಯಿಬಿಟ್ಟು ಹೇಳಿದ್ದರಿಂದ ಜನ ಉಳಿದರು.

ಗುಜರಿ ಅಂಗಡಿಯ ಅಣ್ಣಂದಿರೇ, ಅಕ್ಕಂದಿರೇ, ಇನ್ನು ನಿಮ್ಮ ಜೊತೆ ಮಾತು. ಗುರುತು ಹೀಗಿರುತ್ತದೆ: ಹಳದಿ ಬಣ್ಣದ ಮೇಲೆ ಕಪ್ಪು ಅಥವಾ ನೇರಳೆಗೆಂಪು ಬಣ್ಣದಲ್ಲಿ, ನಡುವೆ ಒಂದು ಚುಕ್ಕಿ, ಸುತ್ತ ಸೀಲಿಂಗ್ ಫ್ಯಾನಿನ ಹಾಗೆ ಮೂರು ರೆಕ್ಕೆ. ತುಂಬಾ ಅಪಾಯದ ಮೂಲಗಳಿಗೆಂದು 2007ರಲ್ಲಿ ಇನ್ನೊಂದು ಗುರುತು ಬಂತು. ಕೆಂಪು ತ್ರಿಕೋನದೊಳಗೆ ಮೇಲೆ ಆ ಮೂರು ರೆಕ್ಕೆ, ಕೆಳಗೆ ತಲೆಬುರುಡೆ, ಓಡಿಹೋಗುತ್ತಿರುವ ಮನುಷ್ಯ. ಓದಲು ಬಾರದವರಿಗೂ ತಿಳಿಯಲೆಂದೇ ಮಾಡಿದ್ದು. ಆದರೆ ಬಣ್ಣ ಅಳಿಸಿರಬಹುದು, ತುಕ್ಕು ತಿಂದಿರಬಹುದು. ಮಾಯಾಪುರಿಯ ಯಂತ್ರಕ್ಕೆ ನಲವತ್ತು ವರ್ಷವಾಗಿತ್ತು. ಹಾಗಾಗಿ ಗುರುತು ಕಾಣದಿದ್ದರೂ, ಗಾತ್ರಕ್ಕೆ ಮೀರಿದ ತೂಕ, ದಪ್ಪ ಸೀಸದ ಒಳಪದರ, ಬೀಗ ಇರುವ ಮುಚ್ಚಳ, ಒಳಗೆ ಬಿಗಿಯಾಗಿ ಮುಚ್ಚಿದ ಸ್ಟೀಲ್ ಕೊಳವೆ, ಇಂಥವು ಒಟ್ಟಿಗೆ ಕಂಡರೆ ಗ್ಯಾಸ್ ಕಟ್ಟರ್ ಕೆಳಗಿಡಿ.

ಇಟ್ಟ ಮೇಲೆ ಮುಟ್ಟಬೇಡಿ, ದೂರ ಸರಿಯಿರಿ. ದೂರಕ್ಕೆ ಇಲ್ಲಿ ಬಹಳ ಬೆಲೆ. ಒಂದು ಮೀಟರಿನಲ್ಲಿ ತಗಲುವ ವಿಕಿರಣ ಹತ್ತು ಮೀಟರಿಗೆ ಸರಿದರೆ ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮಕ್ಕಳನ್ನು ಹತ್ತಿರ ಬಿಡಬೇಡಿ. ಚೂರನ್ನು ಜೇಬಿಗೆ, ಪರ್ಸಿಗೆ, ಟ್ರಂಕಿಗೆ ಹಾಕಿಕೊಳ್ಳಬೇಡಿ. ತೊಂದರೆಯೇ ಬೇಡವೆಂದು ಕೆರೆಗೋ ಫೇಲಾದ ಬೋರಿಗೋ ಎಸೆಯುವುದು ಎಲ್ಲಕ್ಕಿಂತ ಕೆಟ್ಟ ಕೆಲಸ, ಸೀಸಿಯಂ ನೀರಿನಲ್ಲಿ ಕರಗುತ್ತದೆ. ಮೊದಲು 112ಕ್ಕೆ ಫೋನ್ ಮಾಡಿ. ‘ವಿಕಿರಣದ ಗುರುತಿರುವ ವಸ್ತು ಸಿಕ್ಕಿದೆ’ ಎಂದು ಬಿಡಿಸಿ ಹೇಳಿ. ಅಲ್ಲಿಂದ ಸುದ್ದಿ ಜಿಲ್ಲಾಧಿಕಾರಿಗೆ, ಅವರಿಂದ ಮುಂಬೈಗೆ ಹೋಗಬೇಕು. ಅಳೆಯುವ ಸಾಧನ ಅಷ್ಟು ದೂರದಿಂದಲೇ ಬರಬೇಕಾಗಿಲ್ಲ. ಪರಮಾಣು ಖನಿಜ ನಿರ್ದೇಶನಾಲಯದ ದಕ್ಷಿಣ ವಲಯದ ಕಚೇರಿ ಬೆಂಗಳೂರಿನ ನಾಗರಬಾವಿಯಲ್ಲೇ ಇದೆ.

ಪೊಲೀಸರಿಗೂ ಒಂದು ವಿನಂತಿ. ಗುಜರಿಯವನೆಂದರೆ ಕಳ್ಳಮಾಲಿನವನು ಎಂಬ ಭಾವನೆ ನಮ್ಮ ಊರುಗಳಲ್ಲಿ ಬಲವಾಗಿದೆ. ಮೋಟಾರು ಕಳುವಾದರೆ ಮೊದಲು ಕರೆಸುವುದು ಅವನನ್ನೇ. ಇಂಥದ್ದು ಸಿಕ್ಕಿದೆ ಎಂದು ತಾನಾಗಿ ಬಂದು ಹೇಳಿದವನನ್ನು ಠಾಣೆಯಲ್ಲಿ ಮೂರು ದಿನ ಕೂರಿಸಿ ಎಲ್ಲಿಂದ ತಂದೆ ಎಂದು ಕಾಡಿದರೆ, ಮುಂದಿನವನು ಅದನ್ನು ರಾತ್ರೋರಾತ್ರಿ ಗಡಿ ದಾಟಿಸುತ್ತಾನೆ. ಹಿಂದೂಪುರವೋ ಮಡಕಶಿರವೋ ಎಷ್ಟು ದೂರ? ಮುಂಬೈಯ ಮಂಡಳಿಗೆ ರಾಜ್ಯದ ಗಡಿ ಇಲ್ಲ, ಆದರೆ ಅದಕ್ಕೆ ಸುದ್ದಿ ಮುಟ್ಟಿಸಬೇಕಾದ ಠಾಣೆಗಳಿಗೆ ಇದೆ.

ವೈದ್ಯರಿಗೂ ಇಷ್ಟೇ ಮುಖ್ಯವಾದ ಮಾತು. ವಾಂತಿ, ಸುಸ್ತು, ರಕ್ತದ ಕಣ ಇಳಿದಿರುವುದು ಎಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಡೆಂಗ್ಯೂ. ಜೊತೆಗೆ ಬೆಂಕಿ ತಾಗದ ಸುಟ್ಟ ಗಾಯ ಇದೆಯೇ, ಕೂದಲು ಉದುರುತ್ತಿದೆಯೇ, ಒಂದೇ ಅಂಗಡಿಯ ಇಬ್ಬರು ಮೂವರಿಗೆ ಹೀಗಾಗಿದೆಯೇ ಎಂದು ನೋಡಿ. ‘ಏನು ಕೆಲಸ ಮಾಡುತ್ತೀಯಪ್ಪ’ ಎಂಬ ಒಂದು ಪ್ರಶ್ನೆ ಕೇಳಿ. ದೆಹಲಿಯಲ್ಲಿ ಗಂಟು ಬಿಚ್ಚಿದ್ದು ವೈದ್ಯರ ಅನುಮಾನದಿಂದಲೇ.

ಇಷ್ಟೆಲ್ಲ ಹೇಳಿದರೂ, ಗುಜರಿಯವರ ಮೇಲೆಯೇ ಹೊರೆ ಹೊರಿಸುವುದು ನ್ಯಾಯವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕೊಳ್ಳುವವನ ಬಳಿ ತಕ್ಕಡಿ ಬಿಟ್ಟರೆ ಬೇರೆ ಸಾಧನವಿಲ್ಲ. ಮಾರುವವನ ಬಳಿ ಕಡತವಿದೆ, ಓದಿದವರಿದ್ದಾರೆ, ಕೇಳಿ ತಿಳಿಯಲು ಮಂಡಳಿಯಿದೆ. ಜವಾಬ್ದಾರಿ ಮಾರುವವನದೇ. ಪುರಸಭೆ, ನಗರಸಭೆಗಳು ಗುಜರಿ ಅಂಗಡಿಗೆ ಪರವಾನಗಿ ಕೊಡುವಾಗ ಆ ಎರಡು ಗುರುತುಗಳ ಚಿತ್ರವನ್ನು ಕನ್ನಡದ, ಪಾವಗಡದಲ್ಲಿ ತೆಲುಗಿನ, ಶಿರಾದಲ್ಲಿ ಉರ್ದುವಿನ ಎರಡು ಸಾಲಿನ ಜೊತೆ ಅಚ್ಚು ಹಾಕಿಸಿ ಕೊಡಲಿ. ಅದಕ್ಕೆ ಹೊಸ ಕಾನೂನು ಬೇಡ, ಹೆಚ್ಚು ದುಡ್ಡೂ ಬೇಡ.

ಪ್ರಾಂಶುಪಾಲರಿಗೆ, ಆಸ್ಪತ್ರೆಯ ಆಡಳಿತಾಧಿಕಾರಿಗಳಿಗೆ, ಕಾರ್ಖಾನೆಯ ಮ್ಯಾನೇಜರ್‌ಗಳಿಗೆ ಕೊನೆಯದಾಗಿ ಒಂದು ಮನವಿ. ಮಾರ್ಚ್ ಹತ್ತಿರ ಬಂದರೆ ಕಂಡಮ್ ಪಟ್ಟಿಗೆ ಅವಸರವಾಗುತ್ತದೆ. ಆ ಪಟ್ಟಿಗೆ ಸಹಿ ಹಾಕುವ ಮುಂಚೆ ಹೆಸರು ಗೊತ್ತಿಲ್ಲದ ಪ್ರತಿಯೊಂದು ಯಂತ್ರದ ಮುಂದೆಯೂ ನಿಮ್ಮಲ್ಲಿ ಭೌತಶಾಸ್ತ್ರ ಓದಿದ ಒಬ್ಬರನ್ನು ನಿಲ್ಲಿಸಿ, ಅದೇನೆಂದು ಬರೆಸಿಕೊಳ್ಳಿ. ಗೊತ್ತಾಗದಿದ್ದರೆ ಎಇಆರ್‌ಬಿಗೆ ಕಾಗದ ಬರೆಯಿರಿ. ಉತ್ತರ ಬರುವವರೆಗೆ ಆ ಕೋಣೆಯ ಬೀಗ ತೆಗೆಯಬೇಡಿ, ಹರಾಜಿನ ಪ್ರಕಟಣೆಯನ್ನೂ ಹೊರಡಿಸಬೇಡಿ.